ಜೂನಾ ಬಜಾರಿನಲ್ಲಿ ಒಂದು ಬೋರ್ಡ್ ಮೀಟಿಂಗು

ನಮ್ಮ ಸೊಸೈಟಿಯ ಗಣಪತಿಯ ಮುಂದೆ ಈ ವರ್ಷ ಆರು ಮಂದಿ ಫೌಂಡರುಗಳಿಗೆ ಶಾಲು, ಶ್ರೀಫಲ ಕೊಟ್ಟು ಸನ್ಮಾನ ಮಾಡಿದರು. ಆರರಲ್ಲಿ ಇಬ್ಬರ ಕಂಪನಿ ಏನು ಮಾಡುತ್ತದೆಂಬುದು ಇನ್ನೂ ಗುಟ್ಟಂತೆ. ನಾನು ಧಾರವಾಡದಲ್ಲಿ ಬೆಳೆಯುವಾಗ ಇಂಥ ಹುಡುಗರಿಗೆ 'ಸದ್ಯಕ್ಕೆ ಮನೆಯಲ್ಲೇ ಇದ್ದಾನೆ' ಎನ್ನುತ್ತಿದ್ದರು. ಆರೂ ಜನ ಮೈಕು ಹಿಡಿದರು. ಆರೂ ಜನ ವಾರಕ್ಕೆ ಎಪ್ಪತ್ತು ಗಂಟೆ ದುಡಿಯುವ ಮಾತಾಡಿದರು, ಒಬ್ಬ ತೊಂಬತ್ತಕ್ಕೂ ಏರಿದ. ಆರೂ ಜನ, ನಾನು ಬೆರಳು ಮಡಿಚಿ ಎಣಿಸಿದೆ, ಸುಧಾ ಮೂರ್ತಿಯವರು ಗಂಡನ ಇನ್ಫೋಸಿಸ್‌ಗೆ ಕೊಟ್ಟ ಹತ್ತು ಸಾವಿರದ ಕಥೆ ಹೇಳಿದರು. ಆರನೆಯವನು ಶುರು ಮಾಡುವಷ್ಟರಲ್ಲಿ ನನ್ನ ಪಕ್ಕ ಕೂತಿದ್ದ ತಂಗಿ ಪ್ರಸಾದವನ್ನೂ ತೆಗೆದುಕೊಳ್ಳದೆ ಎದ್ದು ಮನೆಗೆ ಹೋದಳು. ಯಾಕೆಂಬುದು ಆಮೇಲೆ.

ಮುಂದಿನ ಭಾನುವಾರ ಮಂಗಳವಾರ ಪೇಠೆಯ ಜೂನಾ ಬಜಾರಿಗೆ ಹೋಗಿದ್ದೆ. (ವಾರದ ಹೆಸರುಗಳ ಈ ಗೊಂದಲ ಪುಣೆಯಲ್ಲಿ ಇದ್ದದ್ದೇ.) ಸೊಸೈಟಿಯ ನಾಲ್ಕಾರು ಕನ್ನಡದ ಮಕ್ಕಳಿಗೆ ಅ ಆ ಇ ಈ ಕಲಿಸಲು ಒಂದು ಬೋರ್ಡು ಬೇಕಿತ್ತು. ತುಕ್ಕು ಹಿಡಿದ ತಕ್ಕಡಿಗೂ ಮೋಟಾರಿಲ್ಲದ ಕೂಲರಿಗೂ ನಡುವೆ ಅದು ಒರಗಿ ನಿಂತಿತ್ತು. ಆರಡಿ ಅಗಲ, ನಾಲ್ಕಡಿ ಎತ್ತರ, ಅಲ್ಯೂಮಿನಿಯಂ ಚೌಕಟ್ಟು, ಒಂದು ಮೂಲೆ ಜಜ್ಜಿದೆ. ನಟ್ಟನಡುವೆ ಕಪ್ಪು ಶಾಯಿಯಲ್ಲಿ ತಟ್ಟೆಯಗಲದ ಒಂದು ವರ್ತುಲ, ಅದರೊಳಗೆ 'ಟೆನ್ ಎಕ್ಸ್'. ಬಲಗಡೆಯ ಕೆಳಮೂಲೆಯಲ್ಲಿ ಅಂಗೈಯಷ್ಟು ಜಾಗ ಮಾತ್ರ ಹೊಳಪು ಸತ್ತು ಬೂದಿಬಣ್ಣಕ್ಕೆ ತಿರುಗಿತ್ತು. ಅಲ್ಲಿ ಬೆರಳಿಟ್ಟೆ.

ಬೋರ್ಡು: ಕೈ ತಗೀರಿ ಅಕ್ಕಾರ. ಅಲ್ಲಿ ಮುಟ್ಟಿದ್ರ ನೋಯತೈತಿ.

ನಾನು: ಅರೆ, ಕನ್ನಡ! ಅದೂ ನಮ್ಮ ಕಡೆಯದು!

ಬೋರ್ಡು: ಎರಡನೇ ಮಾಲಕ ಹುಬ್ಬಳ್ಳಿ ಹುಡುಗ ಇದ್ದ. ಹಗಲೆಲ್ಲಾ ಮಂದಿ ಮುಂದ ಇಂಗ್ಲಿಷು, ರಾತ್ರಿ ಎರಡಕ್ಕ ನನ್ನ ಮುಂದ ಕನ್ನಡ. ಹಂಗ ಕಲತೆ.

ನಾನು: ಹುಬ್ಬಳ್ಳಿಯವನೇ! ಪುಣೆಗೆ ಬಂದು ಏನಾದರೂ ಶುರು ಮಾಡುವುದು ನಮ್ಮ ಕಡೆಯವರಿಗೆ ಹೊಸದಲ್ಲ ನೋಡು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು ಕೇಳಿದ್ದೀಯಾ? ಆ ಊರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಇದೇ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದರು. ಮರಾಠಿ ಸಂಗೀತ ನಾಟಕ ಎದ್ದು ನಿಂತದ್ದೇ ಅಲ್ಲಿಂದ. ಅದೇ ಊರಿನ ಲಕ್ಷ್ಮಣರಾವ್ ಕಿರ್ಲೋಸ್ಕರರು...

ಬೋರ್ಡು: ಅದಿರಲಿ ಅಕ್ಕಾರ. ನನ್ನ ನಡುವಿನ ವರ್ತುಲ ನೋಡಿದ್ರೇನು?

ನಾನು: ನೋಡಿದೆ. ಮೊದಲು ನಿನ್ನ ಪೂರ್ವಾಪರ ಹೇಳು.

ಬೋರ್ಡು: 2016ರ ಜನವರಿಯಾಗ ದಿಲ್ಲಿಯೊಳಗ ಸ್ಟಾರ್ಟ್‌ಅಪ್ ಇಂಡಿಯಾ ಅಂತ ಶುರು ಆತಲ್ಲ, ಅದ ವರ್ಷ ನಾ ಪುಣೆದಾಗಿನ ಬಾಣೇರಿಗೆ ಬಂದೆ. ಮೊದಲನೇ ಮಾಲಕಂದು ಮನಿ ಊಟದ ಡಬ್ಬಿ ಮುಟ್ಟಸೂ ಆ್ಯಪು. ಎರಡನೇದಂವಂದು ಉಳ್ಳಾಗಡ್ಡಿ ರೈತರಿಗೆ ರೇಟು ಹೇಳೂದು. ಮೂರನೇದು ಲಾಕ್‌ಡೌನಿನ್ಯಾಗ ಆನ್‌ಲೈನ್ ಟ್ಯೂಶನ್ನು. ನಾಕನೇದು ಅದ ಟ್ಯೂಶನ್ನು, ಮುಂದ ಎಐ ಅಂತ ಎರಡಕ್ಷರ ಹಚ್ಚಿದ್ರು, ಅಷ್ಟ ಫರಕು. ಆದ್ರ ಆ ವರ್ತುಲ ಐತಲ್ಲ, ಅದು ಮೊದಲನೇದಂವನ ಕಾಲದ್ದು. ಇನ್ವೆಸ್ಟರ್ ಸಾಹೇಬ್ರು ಬಂದಿದ್ರು. ಎಂಟು ಮಂದಿ ಕೂತಿದ್ರು. ಸಾಹೇಬ್ರು ಮಾತಾಡಕೋತ ಎದ್ದು, ಟೇಬಲ್ಲಿನ ಮ್ಯಾಲ ಇದ್ದ ಮಾರ್ಕರು ತಗೊಂಡ್ರು. ಅದು ಖೋಕಾ ಮ್ಯಾಲ ವಿಳಾಸ ಬರಿಯೂ ಪರ್ಮನೆಂಟ್ ಮಾರ್ಕರು! ಎಂಟೂ ಮಂದಿಗೆ ಕಾಣತಿತ್ತು. ಒಬ್ಬರಾರ 'ಸರ್, ಅದು ಅಳಸೂದಿಲ್ಲ' ಅನಬೇಕಲ್ಲ? ಒಬ್ಬರೂ ತುಟಿ ಪಿಟಕ್ ಅನಲಿಲ್ಲ ಅಕ್ಕಾರ! ಸಾಹೇಬ್ರು ವರ್ತುಲ ಹೊಡದ್ರು, ಒಳಗ ಟೆನ್ ಎಕ್ಸ್ ಬರದ್ರು, ಎಂಟೂ ಮಂದಿ ಗೋಣು ಅಳ್ಳಾಡಿಸಿದ್ರು. ರೊಕ್ಕಾನೂ ಕೊಡಲಿಲ್ಲ, ಪುಣ್ಯಾತ್ಮ.

ನಾನು: ಆಮೇಲೆ ಒರೆಸಲಿಲ್ಲವೇ?

ಬೋರ್ಡು: ಥಿನ್ನರ್ ಹಚ್ಚಿದ್ರು, ಸ್ಯಾನಿಟೈಸರ್ ಹಚ್ಚಿದ್ರು, ಬ್ಲೇಡಿನಿಂದ ಕೆರದ್ರು. ಕಸಾ ಹೊಡಿಯೂ ಮಾವಶಿಗೆ ಗೊತ್ತಿತ್ತು: ಅದರ ಮ್ಯಾಲ ಬೋರ್ಡಿನ ಹಸಿ ಮಾರ್ಕರ್ ಗೀಚಿ ಆಗಿಂದಾಗ ಒರಸಿದ್ರ ಎರಡೂ ಕೂಡಿ ಹೋಗತೈತಿ. ಆಕಿನ್ನ ಯಾರು ಕೇಳತಾರ? ಮೀಟಿಂಗಿನ್ಯಾಗ ಇದ್ದವರೆಲ್ಲ ಎಂಬಿಎ.

ನಾನು: ಲಕ್ಷ್ಮಣರಾಯರ ಕಾಲದಲ್ಲಿ ಇಂಥ ಸಾಹೇಬರು ಇರಲಿಲ್ಲ ನೋಡು. ಮುಂಬಯಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಬಡ್ತಿ ತಮಗೆ ಕೊಡಲಿಲ್ಲವೆಂದು ಕೆಲಸ ಬಿಟ್ಟು ಬೆಳಗಾವಿಗೆ ಬಂದರು. 1888ರಲ್ಲೇ ತೆರೆದಿದ್ದ ಸೈಕಲ್ ಅಂಗಡಿ ಇತ್ತು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷವೇರುತ್ತದೆಂದು ರೈತರು ಹತ್ತಿರ ಬರಲಿಲ್ಲ. ಎರಡು ವರ್ಷ ಒಂದು ನೇಗಿಲೂ ಮಾರಾಟವಿಲ್ಲ! ನಿಮ್ಮವರು ಎರಡು ವರ್ಷ ತಡೆಯುತ್ತಿದ್ದರೇ?

ಬೋರ್ಡು: ಎರಡು ವರ್ಷದ ಮಾತು ಬಿಡ್ರಿ, ನೀವು ಬೆರಳಿಟ್ಟ ಮೂಲಿ ಕೇಳ್ರಿ. ಅಲ್ಲಿ ಒಂದ ಅಂಕಿ ಬರೀತಿದ್ರು. ಬ್ಯಾಂಕಿನ್ಯಾಗ ಇದ್ದ ರೊಕ್ಕ ಇನ್ನ ಎಷ್ಟು ತಿಂಗಳಿಗೆ ಸಾಕು ಅನ್ನೂದು. ರನ್‌ವೇ ಅಂತಾರ ಅದಕ್ಕ. ಒಂದನೇ ತಾರೀಖಿಗೆ ಒರಸೂದು, ಹೊಸದು ಬರಿಯೂದು. ಆರು. ಐದು. ನಾಕೂವರಿ. ನಾಕೂ ಮಾಲಕರು ಬ್ಯಾರೆ ಬ್ಯಾರೆ, ಆದ್ರ ನಾಕೂ ಮಂದಿ ಅದ ಮೂಲಿಯೊಳಗ ಬರದ್ರು. ಒರಸಿ ಒರಸಿ ಚರ್ಮ ಹೋಗೈತಿ. ಹುಬ್ಬಳ್ಳಿ ಹುಡುಗ ಮೂರರ ಕೆಳಗ ಬಂದ್ರ ರಾತ್ರಿ ಒರಸಿಬಿಡತಿದ್ದ, ಮುಂಜಾನೆ ಹುಡುಗರು ಬಂದು ನೋಡಬಾರದಂತ.

ನಾನು: ಅವನ ಬಗ್ಗೆ ಹೇಳು.

ಬೋರ್ಡು: ಚಲೋ ಹುಡುಗ. ಹದಿನಾಕು ತಿಂಗಳು ತಾ ಒಂದು ರೂಪಾಯಿ ಪಗಾರ ತಗೊಳ್ಳಲಿಲ್ಲ. ನನ್ನ ಕೆಳಗ ಯೋಗಾ ಮ್ಯಾಟ್ ಹಾಸಿ ಮಲಗಾಂವ. ಊರಿಂದ ಅವರವ್ವ ಕಳಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅದ ಊಟ. ಫೋನಿನ್ಯಾಗ ಯಾರ ಕೇಳಿದ್ರೂ 'ಭಾಳ ಚಲೋ ನಡದೈತಿ' ಅನ್ನಾಂವ. ಕನ್ಯಾ ನೋಡಾಕ ಹೋದಾಗ ಹುಡುಗಿ ಅಪ್ಪ ಕೇಳಿದ್ನಂತ: 'ಕಂಪನಿ ನಿಂದ ಏನು? ಹಂಗಾದ್ರ ನಿನಗ ಪಗಾರ ಯಾರು ಕೊಡತಾರ?' ಬಂದು ನನ್ನ ಮುಂದ ಕೂತು ನಕ್ಕ. ಭಾಳ ಹೊತ್ತು ನಕ್ಕ. ಆಮ್ಯಾಲ ನಗೂದು ಬಿಟ್ಟ.

ನಾನು: ಕಂಪನಿ ಮುಚ್ಚಿದನೇ?

ಬೋರ್ಡು: ಮುಚ್ಚೂದು ಅಷ್ಟು ಸಸಾರ ತಿಳೀಬ್ಯಾಡ್ರಿ. ಬಾಗಲಾ ಹಾಕೂದಕ್ಕೂ ಫೀ ಐತಿ. ರಜಿಸ್ಟರಿನಿಂದ ಕಂಪನಿ ಹೆಸರು ತಗಸಾಕ ಎಸ್‌ಟಿಕೆ-2 ಅನ್ನೂ ಫಾರ್ಮು ತುಂಬಬೇಕು. ಮೊದಲ ಐದು ಸಾವಿರ ಇತ್ತು, 2019ರಾಗ ಹತ್ತು ಸಾವಿರ ಮಾಡಿದ್ರು. ಅಂವ ಆ ಹತ್ತು ಸಾವಿರ ಹೊಂದಸಾಕ ನನ್ನ ಮಾರಿದ. ನನಗ ಬಂದದ್ದು ಒಂಬೈನೂರು.

ನಾನು: ಹತ್ತು ಸಾವಿರ! ನೋಡಿದೆಯಾ? ಬೆಳಗಾವಿಯಲ್ಲಿ ಬಡಾವಣೆ ಮಾಡಬೇಕೆಂದು ಮುನ್ಸಿಪಾಲಿಟಿ ಲಕ್ಷ್ಮಣರಾಯರ ಕಾರ್ಖಾನೆಯನ್ನು ಎಬ್ಬಿಸಿತು. ಆಗ ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ಸ್ಟೇಷನ್ನಿನ ಹತ್ತಿರ 32 ಎಕರೆ ಬರಡು ನೆಲ ಕೊಟ್ಟು, ಸಾಲವೆಂದು ಕೊಟ್ಟದ್ದೂ ಹತ್ತು ಸಾವಿರ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಈಗ ಪುಣೆಯ ತುಂಬ ಅವರ ಹೆಸರಿದೆ. 1981ರಲ್ಲಿ ಇನ್ಫೋಸಿಸ್ ಹುಟ್ಟಿದ್ದೂ ಇದೇ ಪುಣೆಯಲ್ಲಿ, ಅದಕ್ಕೂ ಹತ್ತು ಸಾವಿರ. ಬೆಂಗಳೂರಿಗೆ ಹೋದದ್ದು 1983ರಲ್ಲಿ, ಬೆಂಗಳೂರಿನವರು ಅದನ್ನು ಮರೆತಂತೆ ನಟಿಸುತ್ತಾರೆ. ಶುರು ಮಾಡಲೂ ಹತ್ತು ಸಾವಿರ, ಮುಚ್ಚಲೂ ಹತ್ತು ಸಾವಿರ!

ಬೋರ್ಡು: ನೀವು ಸಂದರ್ಶನ ಮಾಡಾಕ ಬಂದೀರೋ, ಕಿರ್ಲೋಸ್ಕರರ ಪುರಾಣ ಹಚ್ಚಾಕ ಬಂದೀರೋ?

ನಾನು: ಸರಿ, ನಿನ್ನದೇ ಪ್ರಶ್ನೆ. ಮೂರನೆಯ ಮಾಲೀಕರ ಆಫೀಸಿನಲ್ಲಿ ಎಷ್ಟು ಜನ ಇದ್ದರು?

ಬೋರ್ಡು: ಇಪ್ಪತ್ತೆರಡು ಮಂದಿ. ಅವರು ಎಲ್ಲಾ ಬಣ್ಣದ ಮಾರ್ಕರು ತಂದಿದ್ರು. ಕೆಂಪು, ಹಸರು, ನೀಲಿ. ಡಸ್ಟರು ಸೈತ ಚಲೋದು.

ನಾನು: ಅವರ ಪಿಎಫ್?

ಬೋರ್ಡು: ಬೋರ್ಡ್ ಮೀಟಿಂಗು ಅಂದಾಗೆಲ್ಲಾ ನನ್ನ ಕರದಾರಂತ ತಿಳಕೊಂಡಿದ್ದೆ. ಹೋಗಿ ನೋಡಿದ್ರ ಬ್ಯಾರೆ ಬೋರ್ಡಂತ, ಅದಕ್ಕ ಬಿಸ್ಕೀಟು, ಕಾಫಿ. ನನಗ ಪರ್ಮನೆಂಟ್ ಮಾರ್ಕರು.

ನಾನು: ಪಿಎಫ್ ಕೇಳಿದೆ. ಪಗಾರದಿಂದ 12% ಕಡಿದ ಮೇಲೆ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ತುಂಬಬೇಕು. ತುಂಬಿದರೇ?

ಬೋರ್ಡು: ಆ ಟೆನ್ ಎಕ್ಸಿನ ಮ್ಯಾಲ ಅವರು ಒಂದು ಕ್ಯಾಲೆಂಡರ್ ಹಚ್ಚಿ ಮುಚ್ಚಿದ್ರು ನೋಡ್ರಿ. ಭಾಳ ಚಂದ ಕಾಣತಿದ್ದೆ ಆಗ.

ನಾನು: ನೀನು ಸ್ವಲ್ಪ ಸುಮ್ಮನಿರು.

ಅಂದು ಪ್ರಸಾದ ಬಿಟ್ಟು ಎದ್ದುಹೋದ ನನ್ನ ತಂಗಿಯ ಕೈಯಲ್ಲಿ ನಾಲ್ಕು ಬಳೆ ಇದ್ದವು. ನಮ್ಮವ್ವ ಎಮ್ಮೆಯ ಹಾಲು ಮಾರಿ ಕೂಡಿಸಿದ ರೊಕ್ಕದಲ್ಲಿ ಒಂದೊಂದಾಗಿ ಮಾಡಿಸಿದ್ದು, ನಾಲ್ಕಕ್ಕೆ ಆರು ವರ್ಷ ಹಿಡಿಯಿತು. 2019ರಲ್ಲಿ ಒಂದು ರಾತ್ರಿ ಊಟಕ್ಕೆ ಕೂತಾಗ ಅವಳ ಗಂಡ ಆ ಹತ್ತು ಸಾವಿರದ ಕಥೆ ಹೇಳಿದ. ಬಳೆ ಕೇಳಲಿಲ್ಲ. ಕಥೆ ಹೇಳಿದ, ಅಷ್ಟೇ. ತಂಗಿ ಕೈತೊಳೆದು ಬಂದು ನಾಲ್ಕನ್ನೂ ಬಿಚ್ಚಿ ತಟ್ಟೆಯ ಪಕ್ಕ ಇಟ್ಟಳು. ಸೋಪು ಹಚ್ಚಿ ಬಿಚ್ಚಬೇಕಾಯಿತು, ಮದುವೆಯಾದಾಗಿನಿಂದ ತೆಗೆದೇ ಇರಲಿಲ್ಲ. ಎರಡು ವರ್ಷದ ಮೇಲೆ ಹರಾಜಿನ ನೋಟೀಸು ಬಂದದ್ದು ಅವಳ ಹೆಸರಿಗೆ, ಒಡವೆ ಅವಳ ಹೆಸರಿನಲ್ಲೇ ಅಡವಿಟ್ಟದ್ದರಿಂದ. ಕಂಪನಿಯ ಕಾಗದದಲ್ಲಿ ಪಾಲುದಾರರೆಂದು ಐದು ಹೆಸರಿವೆ. ಒಬ್ಬ ಬರೇ ಸಲಹೆ ಕೊಟ್ಟಿದ್ದಕ್ಕೆ ಅರ್ಧ ಪರ್ಸೆಂಟು. ಅವಳ ಹೆಸರು ಯಾವ ಪುಟದಲ್ಲೂ ಇಲ್ಲ.

ಸೋತದ್ದಕ್ಕೆ ನನಗೆ ಸಿಟ್ಟಿಲ್ಲ. ಅಂಗಡಿಯಿಟ್ಟವರು ಸೋಲುತ್ತಾರೆ, ಹೊಲ ಬಿತ್ತಿದವರೂ ಸೋಲುತ್ತಾರೆ. ತಂಗಿಯ ಗಂಡನೂ ನಿದ್ದೆಗೆಟ್ಟು ಅರ್ಧ ಇಳಿದುಹೋಗಿದ್ದಾನೆ. ಆದರೆ ಅವನು ಸೋತ ಕಥೆಗೆ ಹೆಸರಿದೆ: ಅನುಭವ, ಪಾಠ, ಪಿವಟ್. ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ. ಅವಳು ಸೋತದ್ದಕ್ಕೆ ಹೆಸರಿಲ್ಲ. ಸುಧಾ ಮೂರ್ತಿಯವರು ಟೆಲ್ಕೋದಲ್ಲಿ ದುಡಿದ ಇಂಜಿನಿಯರು. ಅಂದು ಕೂಡಿಟ್ಟದ್ದು 10,250 ರೂಪಾಯಿ ಎಂದು ಅವರೇ ಹೇಳಿದ್ದಾರೆ. ಹತ್ತು ಸಾವಿರ ಕೊಟ್ಟು 250 ತಮಗೆ ಇಟ್ಟುಕೊಂಡರು. ಆ 250ರ ಮಾತು ಗಣಪತಿಯ ಮುಂದೆ ಮಾತಾಡಿದ ಆರರಲ್ಲಿ ಒಬ್ಬನ ಬಾಯಲ್ಲೂ ಬರಲಿಲ್ಲ. ಪುಣೆಯಲ್ಲಿ ಎಷ್ಟು ಊಟದ ತಟ್ಟೆಗಳ ಮುಂದೆ ಆ ಕಥೆ, 250 ಕಳೆದು, ಬಡಿಸಿದ್ದಾರೋ! ಇನ್ನು ಪಿಎಫ್: ಪಗಾರದಿಂದ ಕಡಿದ ದುಡ್ಡನ್ನು ತುಂಬದೆ ಉಳಿಸಿಕೊಂಡರೆ ಕಾನೂನು ಅದನ್ನು ನಂಬಿಕೆ ದ್ರೋಹವೆನ್ನುತ್ತದೆ, ಕ್ರಿಮಿನಲ್ ಅಪರಾಧ. ಇವರು ಅದಕ್ಕೆ 'ಕ್ಯಾಶ್ ಫ್ಲೋ' ಎನ್ನುತ್ತಾರೆ. ಮೊಬೈಲಿನಲ್ಲಿ ಪಾಸ್‌ಬುಕ್ ತೆರೆದು ಹತ್ತು ತಿಂಗಳು ಖಾಲಿ ಬಿದ್ದದ್ದು ನೋಡಿ ಕೂತ ಇಪ್ಪತ್ನಾಲ್ಕರ ಹುಡುಗಿಗೆ ಯಾವ ಸಾಹಸದ ಕಥೆ ಹೇಳುತ್ತೀರಿ? ಅವಳು ಯಾವ ಕಂಪನಿಯನ್ನೂ ಕಟ್ಟಲು ಹೊರಟಿರಲಿಲ್ಲ. ತಿಂಗಳ ಪಗಾರಕ್ಕೆ ಬಂದಿದ್ದಳು.

ಬೋರ್ಡು: (ಬಹಳ ಹೊತ್ತಿನ ಮೇಲೆ) ತುಂಬಲಿಲ್ಲ ಅಕ್ಕಾರ.

ನಾನು: ಏನು?

ಬೋರ್ಡು: ಪಿಎಫು. ಆ ಹತ್ತೂ ತಿಂಗಳು ನನ್ನ ಮ್ಯಾಲಿನ ಸಾಲಿನ್ಯಾಗ 'ನಾವೆಲ್ಲಾ ಒಂದ ಕುಟುಂಬ' ಅಂತ ಬರದಿತ್ತು. ನಾಕು ಬಣ್ಣದಾಗ. ಮಾವಶಿ ಪಗಾರ ಮೂರು ತಿಂಗಳದ್ದು ಬಾಕಿ ಇತ್ತು. ಆಕಿ ಹೋಗೂ ದಿನ ಆ ಸಾಲು ಒಂದ ಒರಸಿ ಹೋದಳು. ಒರಸಿದ್ರ ಹೋಗತಿತ್ತು ಅದು, ಸಾದಾ ಮಾರ್ಕರಿಂದ ಬರದದ್ದು.

ಅಷ್ಟರಲ್ಲಿ ಅಂಗಡಿಯವನು ಬಂದ. 'ಆಠಶೇ' ಅಂದ, ಎಂಟು ನೂರು. 'ತೀನಶೇ' ಅಂದೆ, ಮುನ್ನೂರು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ವರ್ತುಲದ ಕಡೆ ಕೈತೋರಿಸಿ, ಬರಹ ಉಚಿತವೆಂದ.

ಬೋರ್ಡು: ಡೌನ್ ರೌಂಡು! ಅಕ್ಕಾರ, ನನ್ನ ವ್ಯಾಲ್ಯುಯೇಶನ್ ಎಂಟು ವರ್ಷದಾಗ ಮ್ಯಾಲ ಹೋದದ್ದ ಇಲ್ಲ.

ನಾನು: ಲಕ್ಷ್ಮಣರಾಯರ ನೇಗಿಲಿಗೂ...

ಬೋರ್ಡು: ಬ್ಯಾಡ್ರಿ.

ನಾಲ್ಕು ನೂರಾ ಐವತ್ತಕ್ಕೆ ಮುಗಿಯಿತು. ರಿಕ್ಷಾದವನು ತಲೆಯಾಡಿಸಿದ, ಛೋಟಾ ಹಾಥಿ ಟೆಂಪೋದವನು ಮುನ್ನೂರು ಕೇಳಿದ. ಇಬ್ಬರು ಹುಡುಗರು ಬೋರ್ಡನ್ನು ಎತ್ತಿ, ಜಜ್ಜಿದ ಮೂಲೆಗೆ ಗೋಣಿಚೀಲ ಕೊಟ್ಟು ನಿಲ್ಲಿಸಿದರು.

ಬೋರ್ಡು: ಅಕ್ಕಾರ, ಹುಡುಗರು ಬರಿಯೂದು ಯಾವುದರಿಂದ? ಮಾರ್ಕರು ತಗೊಂಡೀರೇನು?

ನಾನು: ಓಹೋ, ಬೆಳಿಗ್ಗೆಯೇ ತೆಗೆದುಕೊಂಡೆ. ಒಂದು ಡಜನ್ನು.

ಬೋರ್ಡು: ಸ್ವಲ್ಪ ಓದಿ ನೋಡ್ರಿ.

ಚೀಲದಿಂದ ಡಬ್ಬಿ ತೆಗೆದು, ಕನ್ನಡಕ ಏರಿಸಿ, ಮಗ್ಗುಲಿನ ಸಣ್ಣ ಅಕ್ಷರ ಓದಿದೆ. ಆಮೇಲೆ ಗಡಿಯಾರ ನೋಡಿದೆ. ಒಂದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಪುಣೆಯ ಅಂಗಡಿ, ಒಂದಾದರೆ ನಾಲ್ಕರವರೆಗೆ ಬಾಗಿಲು ತೆರೆಯುವುದಿಲ್ಲ. ಛೋಟಾ ಹಾಥಿಯವನಿಗೆ ಇಲ್ಲೇ ನಿಲ್ಲು ಎಂದು ಹೇಳಿ ಓಡಿದೆ.