ಸಾಲಗುಂದದ ಮರಣಶಾಸನ

(ಕಟ್ಟಿ ಮ್ಯಾಲೆ ಮಾವ, ಅಳಿಯ. ನಡುವ ಒಂದು ಬಿಳಿ ಹಾಳಿ.)

ಮಾವ: ವಕೀಲಗ ರೊಕ್ಕ ಯಾಕ ಸುರೀಬೇಕು? ಉಯಿಲು ನಾನಽ ಬರೀತೀನಿ. ಬಾಂಡ್ ಪೇಪರ್ ತಂದೀರೇನು, ಅಳಿಯಂದ್ರ?

ಅಳಿಯ: ಬಾಂಡ್ ಬ್ಯಾಡ್ರಿ ಮಾವಾ. ನೋಂದಣೀನೂ ಕಡ್ಡಾಯ ಅಲ್ಲ. 1925ರ ಉತ್ತರಾಧಿಕಾರ ಕಾಯ್ದೆ ಕೇಳೋದು ನಿಮ್ಮ ಸಹಿ, ಇಬ್ಬರು ಸಾಕ್ಷಿ, ಅಷ್ಟಽ.

ಮಾವ: ಹಂಗಾರ ಬರೀರಿ. ಕಾಲುವಿ ಕಡೀ ಹೊಲ ದೊಡ್ಡಾವಗ.

ಅಳಿಯ: ಸರ್ವೆ ನಂಬರ್ ಹೇಳ್ರಿ. ತುಂಗಭದ್ರಾ ಎಡದಂಡಿ ನೀರು ಬಂದ ಮ್ಯಾಲೆ ಸಿಂಧನೂರ ಸೀಮ್ಯಾಗ ಯಾವ ಹೊಲ ಕಾಲುವಿ ಕಡೀದಲ್ಲ?

ಮಾವ: ಊರಿಗೆಲ್ಲ ಗೊತ್ತೈತಿ!

ಅಳಿಯ: ಊರು ಕೋರ್ಟಿಗೆ ಬರಂಗಿಲ್ಲಲ್ರಿ. ಅಲ್ದ ಅದು ಪಿತ್ರಾರ್ಜಿತ. ನಿಮ್ಮ ಪಾಲಿಗಷ್ಟಽ ಉಯಿಲು ನಡೀತದ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದ ಮ್ಯಾಲೆ ಹೆಣ್ಮಕ್ಕಳಿಗೂ ಸಮಪಾಲು.

ಮಾವ: (ಪೆನ್ನಿನ ಟೊಪ್ಪಿಗಿ ಹಾಕಿ) ನನ್ನ ಮಗಳು ಕಳಿಸ್ಯಾಳೇನು ನಿಮ್ಮನ್ನ?

ಅಳಿಯ: ಛೇ! ನಾ ಬರೇ ಸಾಕ್ಷಿ ಹಾಕಾಕ ಬಂದೀನ್ರಿ. ಒಂದು ಮಾತು, ಮನೀ ಹಿಂದಿನ ಜಾಗಾ ಯಾರ ಹೆಸರಿಗಿ ಬರೀಲಿ? ಖಾಲಿ ಬಿಡಲೇನು?

(ಖಾಲಿ ಜಾಗಾ ಹಾಳ್ಯಾಗಿರಲಿ, ಹಿತ್ತಲದಾಗಿರಲಿ, ಬಿಟ್ರ ಯಾರೋ ಒಬ್ಬರು ಬಂದು ಕೂಡ್ತಾರ.)

ಮಾವ: ಸಿಂಧನೂರ ಬಸ್ಸು ಎಷ್ಟೊತ್ತಿಗೈತಿ?

ಅಳಿಯ: ಯಾಕ್ರೀ ಮಾವಾ?

ಮಾವ: ವಕೀಲ ಅಗ್ಗ ಬೀಳ್ತಾನ. ಅವ ಫೀಸಷ್ಟಽ ಕೇಳ್ತಾನ, ಜಾಗಾ ಕೇಳಂಗಿಲ್ಲ.