ಮೂರು ಎಂಟಾಗದಂತೆ: ಬೋಟಿನ ನಂಬರು ಕುರಿತ ಸ್ಟೆನ್ಸಿಲ್ ಮೀಮಾಂಸೆ

ಉತ್ತರ ಕನ್ನಡದ ಶಾಸನಗಳ ಅಧ್ಯಯನ ಇದುವರೆಗೆ ಒಂದೇ ಕಣ್ಣಿನಲ್ಲಿ ನಡೆದಿದೆ ಎಂದು ಈ ಪ್ರಬಂಧಕಾರನು ವಿನಯಪೂರ್ವಕವಾಗಿ ಆಕ್ಷೇಪಿಸುತ್ತಾನೆ. ಭಟ್ಕಳದ ಬಸದಿಗಳ ಕಲ್ಲುಬರಹ ಓದಿದ ಪಂಡಿತರುಂಟು. ಅಲ್ಲಿಂದ ಪಡುವಕ್ಕೆ, ಮಾವಿನಕುರ್ವೆ ಬಂದರಿನಲ್ಲಿ, ಬೋಟುಗಳ ಮೂತಿಯ ಮೇಲೆ ತೇಲಾಡುವ ಶಾಸನಗಳನ್ನು, ಅಂದರೆ ನೋಂದಣಿ ಸಂಖ್ಯೆಗಳನ್ನು, ಕರಾವಳಿ ಕಾವಲು ಪೊಲೀಸರ ಹೊರತು ಯಾರೂ ಗಂಭೀರವಾಗಿ ಓದಿಲ್ಲ. ಕಲ್ಲಿನ ಅಕ್ಷರ ಅಳಿಸಿದ್ದರೆ ಡಾಕ್ಟರೇಟ್ ಸಿಗುತ್ತದೆ. ಬೋಟಿನ ಅಕ್ಷರ ಅಳಿಸಿದ್ದರೆ ವಿಚಾರಣೆ.

2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಅಪಹರಿಸಿದ ಮೀನುಗಾರಿಕೆ ಬೋಟಿನಲ್ಲಿ ಬಂದಿದ್ದರು. ಆಮೇಲೆ ದೇಶದ ಮೀನುಗಾರಿಕೆ ಬೋಟುಗಳಿಗೆ ಒಂದೇ ಮಾದರಿಯ ನೋಂದಣಿ ಬಂತು: ಮೊದಲು ದೇಶದ ಗುರುತು, ನಂತರ ನಮ್ಮ ರಾಜ್ಯದ ‘ಕೆಎ’, ಕೊನೆಗೆ ಅಂಕಿಗಳು. ಬಣ್ಣ ತುಸು ಹೆಚ್ಚಾದರೆ ಮೂರರ ತೆರೆದ ಬಾಯಿ ಮುಚ್ಚಿ ಎಂಟಾಗುತ್ತದೆ, ಒಬ್ಬರ ಬೋಟು ಇನ್ನೊಬ್ಬರದಾಗುತ್ತದೆ. ಹೀಗೆ ಅಕ್ಷರದ ಅಂಚು ರಾಷ್ಟ್ರೀಯ ಭದ್ರತೆಯ ವಿಷಯವಾಯಿತು. ಕುಂಚದಲ್ಲೇ ಬರೆಯಬಲ್ಲ ಪೇಂಟರರಿಗೆ ಈ ಶಾಸ್ತ್ರ ಬೇಕಿಲ್ಲ. ಅವರಿಗೆ ಕೈ ಇದೆ. ಸ್ಟೆನ್ಸಿಲ್ಲೂ ಸ್ಪ್ರೇ ಡಬ್ಬಿಯೂ ಇರುವುದು ನಮ್ಮಂಥವರಿಗೆ.

ಪೂರ್ವಸೂರಿಗಳನ್ನು ಸ್ಮರಿಸೋಣ. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಗುಹೆಯೊಂದರಲ್ಲಿ ಯಾರೋ ಕೈಯನ್ನು ಬಂಡೆಗೆ ಒತ್ತಿ ಹಿಡಿದು, ಸುತ್ತ ಬಣ್ಣ ಸಿಂಪಡಿಸಿ, ಕೈ ತೆಗೆದಿದ್ದಾರೆ. ಆ ಗುರುತು ಕನಿಷ್ಠ 39,900 ವರ್ಷ ಹಳೆಯದೆಂದು 2014ರಲ್ಲಿ ಗೊತ್ತಾಯಿತು. ಕೈಯೇ ಸ್ಟೆನ್ಸಿಲ್, ಬಾಯೇ ಡಬ್ಬಿ. ಶಾಸ್ತ್ರದ ಮುಂದಿನ ಅಧ್ಯಾಯ ತೆರೆದದ್ದು 1949ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಎಡ್ವರ್ಡ್ ಸೆಮೋರ್ ಹೆಂಡತಿಯ ಸಲಹೆ ಕೇಳಿ ಅಲ್ಯೂಮಿನಿಯಂ ಬಣ್ಣವನ್ನು ಒತ್ತಡದ ಡಬ್ಬಿಗೆ ತುಂಬಿದಾಗ. ನಡುವಿನ ಕಾಲದಲ್ಲಿ ನಮ್ಮ ಕಡೆಯ ದೇವಾಲಯಗಳಲ್ಲಿ ಕಾವಿ ಕಲೆ ನಡೆದಿತ್ತು: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿ ತೆಗೆಯುವುದು. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು ಊರೂರು ಅಲೆದು ಅದನ್ನು ದಾಖಲಿಸಿದರು. ಆ ಅಂಚಿನ ಹರಿತವನ್ನು ಸರಿಗಟ್ಟಲಾಗದೆ ಹಲವೆಡೆ ಜೀರ್ಣೋದ್ಧಾರದವರು ಅದರ ಮೇಲೆ ಆಯಿಲ್ ಪೇಂಟ್ ಬಳಿದರು.

ಇನ್ನು ಕಾಲನಿರ್ಣಯ. ಯಂತ್ರಚಾಲಿತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ದಡಕ್ಕೇರಿ ಬಣ್ಣ ಬಳಿಸಿಕೊಳ್ಳಲು ಅವಕ್ಕೆ ಪುರುಸೊತ್ತು ಸಿಗುವುದೂ ಆಗಲೇ. ಗಾಳಿಯ ತೇವ ಶೇ. 85 ದಾಟಿದರೆ ಬಣ್ಣ ಬಳಿಯಬಾರದೆಂದು ಬಣ್ಣದ ಶಾಸ್ತ್ರಕಾರರು ವಿಧಿಸಿದ್ದಾರೆ. ಅವರು ಆಷಾಢದಲ್ಲಿ ಕುಮಟೆಗೆ ಬಂದವರಲ್ಲ. ಇಲ್ಲಿ ಜುಲೈಯಲ್ಲಿ ಶೇ. 85 ಅಂದರೆ ಹಪ್ಪಳ ಒಣಗಿಸುವ ದಿನ. ತೇವದಲ್ಲಿ ಹೊಡೆದರೆ ಥಿನ್ನರ್ ಆವಿಯಾಗುತ್ತ ಮೇಲ್ಮೈ ತಣ್ಣಗಾಗಿ, ಅದರ ಮೇಲೆ ನೀರು ಕೂತು, ಕಪ್ಪು ಅಕ್ಷರ ಬೂದಿ ಬಳಿದುಕೊಂಡು ಸನ್ಯಾಸಿಯಾಗುತ್ತದೆ. ಆದ್ದರಿಂದ ಮಳೆ ಹೊಳವಾದ ದಿನ, ಟಾರ್ಪಾಲಿನಡಿ, ಗಾಳಿ ಏಳುವ ಮುನ್ನ. ಅದಕ್ಕೂ ಮೊದಲು ಸಿಹಿನೀರಿನಲ್ಲಿ ಉಪ್ಪು ತೊಳೆದು ಒರೆಸಬೇಕು. ಉಪ್ಪಿನ ಮೇಲೆ ಕೂತ ಬಣ್ಣ ಗುಳ್ಳೆಯೆದ್ದು ಏಳುತ್ತದೆ.

ಮುಖ್ಯ ಸಿದ್ಧಾಂತ ಹೀಗಿದೆ: ಸ್ಟೆನ್ಸಿಲ್ಲಿಗೂ ಹಲಗೆಗೂ ಅಭೇದ. ಇವೆರಡರ ನಡುವೆ ಕೂದಲೆಳೆಯಷ್ಟು ದ್ವೈತ ಉಳಿದರೂ ಆ ಸಂದಿಯಲ್ಲಿ ಬಣ್ಣದ ಹೊಗೆ ನುಸುಳಿ ಅಕ್ಷರದ ಸುತ್ತ ಮಾಯೆ ಹಬ್ಬುತ್ತದೆ. ಬೋಟಿನ ಮೂತಿ ಬಾಗಿರುವುದರಿಂದ ತಗಡಿನ ಸ್ಟೆನ್ಸಿಲ್ ಹುಟ್ಟಾ ದ್ವೈತಿ. ಎಷ್ಟು ಒತ್ತಿದರೂ ಒಂದು ಮೂಲೆ ಎದ್ದೇ ಇರುತ್ತದೆ. ಇಲ್ಲಿ ಅನುಭವಸ್ಥರು ಸೂಚಿಸುವ ದ್ರವ್ಯ ಹಳೆಯ ಎಕ್ಸ್‌ರೇ ಹಾಳೆ. ಪಾಲಿಯೆಸ್ಟರ್, ದಪ್ಪ ಸುಮಾರು 0.18 ಮಿ.ಮೀ., ಬ್ಲೇಡಿಗೆ ಮೆತ್ತಗೆ ಒಪ್ಪುತ್ತದೆ, ಬಾಗಿದಲ್ಲಿ ಬಾಗುತ್ತದೆ, ಥಿನ್ನರಿಗೆ ಜಗ್ಗುವುದಿಲ್ಲ. ಮನೆಯ ಕಪಾಟಿನಲ್ಲಿ ದೊಡ್ಡಪ್ಪನ ಎದೆಗೂಡು ಇಪ್ಪತ್ತು ವರ್ಷದಿಂದ ಯಾವ ಪ್ರಯೋಜನಕ್ಕೆ ಇದೆ? ನಾಲ್ಕನೆಯ ಪಕ್ಕೆಲುಬಿನ ಮೇಲೆ ‘ಕೆ’ ಕೊರೆಯಬಹುದು. ಹಾಳೆಯ ಹಿಂಬದಿಗೆ, ಅಂಟಿಸಿ ಮತ್ತೆ ಕೀಳಬಹುದಾದ ಅಂಟು ತೆಳ್ಳಗೆ ಹಾಕಿ, ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಸುತ್ತ ಹಳೆಯ ದಿನಪತ್ರಿಕೆ ಹೊದಿಸಿದರೆ ಅದ್ವೈತ ಸಾಧ್ಯ.

ಪೂರ್ವಪಕ್ಷದವರು ಕೇಳುತ್ತಾರೆ: ಡಬ್ಬಿ ತುಂಬ ಬಣ್ಣವಿರುವಾಗ ಒಂದೇ ಸಲ ಧಾರಾಳವಾಗಿ ಹೊಡೆದರೇನು? ಉತ್ತರ: ಸೋರುತ್ತದೆ. ಉದಾರಿಗಳು ಈ ವಿದ್ಯೆಗೆ ಅನರ್ಹರು. ಒಳಗಿನ ಗೋಲಿ ಕಟಕಟ ಎಂದ ಮೇಲೂ ಎರಡು ನಿಮಿಷ ಡಬ್ಬಿ ಕುಲುಕಿ, ಒಂದಡಿ ದೂರದಿಂದ, ನೇರಕ್ಕೆ, ಸ್ಟೆನ್ಸಿಲ್ಲಿನ ಆಚೆ ಶುರುಮಾಡಿ ಆಚೆಗೇ ನಿಲ್ಲಿಸುತ್ತ ಕೈ ಹಾಯಿಸಬೇಕು. ಮೊದಲ ಸುತ್ತಿಗೆ ಅಕ್ಷರ ಕಾಣಲೇಬಾರದು, ಕಂಡರೆ ಹೆಚ್ಚಾಯಿತೆಂದೇ ಅರ್ಥ. ಕೆಲವು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಮೂರನೆಯದು. ಓರೆಯಾಗಿ ಹೊಡೆದರೆ ಬಣ್ಣ ಅಂಚಿನಡಿ ತೂರುತ್ತದೆ. ಕೊನೆಯ ಸುತ್ತು ಅಂಟಂಟಾಗುತ್ತಿದ್ದಂತೆ ಹಾಳೆಯನ್ನು ನೇರ ಎತ್ತಬೇಕು. ಪೂರ್ತಿ ಒಣಗಲು ಬಿಟ್ಟರೆ ಅಂಚು ಕಿತ್ತು ಬರುತ್ತದೆ.

ದ್ವೀಪಪ್ರಕರಣವನ್ನು ಬಿಡುವಂತಿಲ್ಲ. ಇಂಗ್ಲಿಷಿನ ‘ಡಿ’, ‘ಎ’, ಅಂಕಿಗಳಲ್ಲಿ ಸೊನ್ನೆ, ಆರು, ಎಂಟು, ಒಂಬತ್ತು: ಇವುಗಳ ಹೊಟ್ಟೆ ಕೊರೆದ ತಕ್ಷಣ ಉದುರಿ ಬೀಳುತ್ತದೆ. ಸುತ್ತಲಿನ ಹಾಳೆಗೆ ಅದನ್ನು ಹಿಡಿದಿಡಲು ಸಣ್ಣ ಪಟ್ಟಿಗಳ ಸೇತುವೆ ಬಿಡಬೇಕು. ಸೇತುವೆ ತೀರ ಸಣ್ಣದಾದರೆ ಮುರಿಯುತ್ತದೆ, ದೊಡ್ಡದಾದರೆ ಎಂಟು ಎರಡು ತುಂಡಾಗುತ್ತದೆ. ಕನ್ನಡದಲ್ಲಿ ಬೋಟಿನ ಹೆಸರು ಬರೆಯುವವರ ಪಾಡು ಇನ್ನೂ ಕಷ್ಟ. ‘ರ’ ಒಂದು ಕೆರೆ, ‘ಠ’ ನಡುಗಡ್ಡೆಯಿರುವ ಕೆರೆ. ಸೊನ್ನೆಯಂತೂ ಸೇತುವೆ ತಪ್ಪಿದರೆ ಕರಿಯ ಬೊಟ್ಟು. ಹೆಸರಿನಲ್ಲಿ ಒತ್ತಕ್ಷರ ಕಡಿಮೆ ಇರುವ ದೇವರನ್ನು ಆರಿಸಿಕೊಳ್ಳುವುದು ಸ್ಟೆನ್ಸಿಲ್ ದೃಷ್ಟಿಯಿಂದ ಸೂಕ್ತ.

ಕೊನೆಯಲ್ಲಿ ಒಂದು ವಿನಂತಿ. ಈ ಮಹತ್ಕಾರ್ಯಕ್ಕೆ ಎಕ್ಸ್‌ರೇ ದಾನ ಮಾಡುವವರು ರೋಗಿಯ ಹೆಸರು, ವಯಸ್ಸು ಇರುವ ಮೂಲೆಯನ್ನು ಕತ್ತರಿಸಿಯೇ ಕೊಡಿ, ಮತ್ತು ಜುಲೈ ಮೂರನೆಯ ವಾರದೊಳಗೆ ಕೊಡಿ. ಆಗಸ್ಟ್ 1ಕ್ಕೆ ಬೋಟು ನೀರಿಗಿಳಿಯುತ್ತದೆ.