ಅಪ್ಪಟ ಬಂದೂಕು

ಅಮೆರಿಕದ ಸೇನೆ 1936ರಲ್ಲಿ ಒಪ್ಪಿಕೊಂಡ ಎಂ1 ಗರಾಂಡ್ ಬಂದೂಕುಗಳಲ್ಲಿ ಬಹುಪಾಲು ಎರಡನೇ ಮಹಾಯುದ್ಧದ ನಂತರ ದುರಸ್ತಿಗೆ ಹೋದವು. ಕೈಗೆ ಸಿಕ್ಕ ಬಿಡಿಭಾಗ ಜೋಡಿಸಿ ಕಳಿಸಿದರು. ಹಾಗಾಗಿ ಬೆರಕೆ ಬಂದೂಕೇ ಚರಿತ್ರೆಗೆ ನಿಷ್ಠವಾದದ್ದು. ಸಂಗ್ರಾಹಕ ಒಪ್ಪಬೇಕಲ್ಲ! "ಬಾಡಿ 1942ರದ್ದು, ನಳಿಗೆ 1944ರದ್ದು. ಅಪಚಾರ ಸ್ವಾಮಿ! ಇನ್ನೊಂದರಿಂದ ಕಿತ್ತು ಹಾಕಿದೆ, ಈಗ ಅಪ್ಪಟ." "ಆ ಇನ್ನೊಂದರ ಗತಿ?" "ಅದಕ್ಕೂ ನಳಿಗೆ ಬೇಕೆಂದು ಸಂಗ್ರಾಹಕರ ಸಂಘದ ಪತ್ರಿಕೆಗೆ ಜಾಹೀರಾತು ಕೊಟ್ಟಿದ್ದೇನೆ."

ಈ ಗೀಳಿಲ್ಲದಿದ್ದರೆ ತಯಾರಕರಲ್ಲಿ ಸ್ಪ್ರಿಂಗ್‌ಫೀಲ್ಡ್ ಯಾವ ಮುದ್ರೆ ಒತ್ತಿತು, ವಿಂಚೆಸ್ಟರ್ ಯಾವುದನ್ನು ಎಂಬ ವಿವರ ಜನರಿಗೆ ಎಲ್ಲಿ ಸಿಗುತ್ತಿತ್ತು ಎಂದು ಕೇಳಬಹುದು. ಒಪ್ಪಿದೆ, ಪಟ್ಟಿ ಮಾಡಿಟ್ಟ ಪುಣ್ಯ ಇವರದೇ. ಆದರೆ ಮರದ ಹಿಡಿಯ ಮೇಲೆ ನಕಲಿ ಮುದ್ರೆ ಒತ್ತುವವನ ಕೈಪಿಡಿಯೂ (ಚಂದಾ ಕಟ್ಟಿಯೇ ಓದುತ್ತಾನೆ, ಪಾಪ) ಅದೇ ಪಟ್ಟಿ. ಮಹನೀಯರೇ, ಪತ್ರಿಕೆ ಓದಿ. ಬಂದೂಕು ಮಾತ್ರ ಬಿಚ್ಚಬೇಡಿ.